ಬ್ರೂಕ್‌ಲೈನ್‌ನ 17ನೇ ಹೋಲ್

ಅಮೆರಿಕದ ಯು.ಎಸ್. ಓಪನ್ ಗಾಲ್ಫ್ ಟೂರ್ನಿಯ ಚರಿತ್ರೆಯಲ್ಲಿ ಬ್ರೂಕ್‌ಲೈನ್‌ಗೂ ಪ್ಲೇಆಫ್‌ಗೂ ಹಳೆಯ ನಂಟು. ಬಾಸ್ಟನ್ ನಗರದ ಮಗ್ಗುಲಲ್ಲೇ ಇರುವ ಈ ಊರಿನ ‘ದ ಕಂಟ್ರಿ ಕ್ಲಬ್’ನಲ್ಲಿ ಟೂರ್ನಿ ನಡೆದದ್ದು ನಾಲ್ಕೇ ಸಲ: 1913, 1963, 1988 ಮತ್ತು 2022ರಲ್ಲಿ. ಮೊದಲ ಮೂರು ಸಲವೂ ನಾಲ್ಕು ಸುತ್ತಿನ 72 ಹೋಲ್‌ಗಳನ್ನು ಆಡಿ ಮುಗಿಸಿದ ಮೇಲೂ ಗೆದ್ದವರು ಯಾರೆಂದು ಇತ್ಯರ್ಥವಾಗಲಿಲ್ಲ. ಸಮಬಲರಾದವರು ಮರುದಿನ ಮತ್ತೆ ಮೊದಲ ಹೋಲ್‌ನಿಂದ ಇಡೀ 18 ಹೋಲ್‌ಗಳನ್ನು ಆಡಬೇಕಾಯಿತು. ಈ ಮೂರರಲ್ಲಿ 1913ರದ್ದೇ ಹಿರಿದು. ಅಮೆರಿಕದಲ್ಲಿ ಗಾಲ್ಫ್ ಜನರ ಬಾಯಿಗೆ ಬಂದದ್ದು ಆ ಒಂದು ದಿನದಿಂದ ಎಂದರೆ ಅತಿಶಯೋಕ್ತಿ ಕೊಂಚ ಇದ್ದರೂ ಸುಳ್ಳಲ್ಲ.

ಕಂಟ್ರಿ ಕ್ಲಬ್ ಶುರುವಾದದ್ದು 1882ರಲ್ಲಿ; ಅದೂ ಗಾಲ್ಫ್‌ಗಾಗಿ ಅಲ್ಲ. ಬಾಸ್ಟನ್ನಿನ ಸ್ಥಿತಿವಂತರಿಗೆ ಅಲ್ಲಿ ಕುದುರೆ ಸವಾರಿ, ಕುದುರೆ ಪಂದ್ಯಗಳೇ ಮುಖ್ಯವಾಗಿದ್ದವು. 1893ರಲ್ಲಿ ಆರು ಹೋಲ್‌ಗಳ ಒಂದು ಸಣ್ಣ ಮೈದಾನ ಮಾಡಿಕೊಂಡರು. ಮರುವರ್ಷವೇ ಅಮೆರಿಕದ ಗಾಲ್ಫ್ ಸಂಸ್ಥೆ ಯು.ಎಸ್.ಜಿ.ಎ.ಯನ್ನು ಕಟ್ಟಿದ ಐದು ಕ್ಲಬ್‌ಗಳಲ್ಲಿ ಇದೂ ಒಂದಾಯಿತು. ಬೇಲಿಯ ಒಳಗೆ ಹಣವಂತರ ಆಟ. ಬೇಲಿಯಾಚೆ, ಕ್ಲೈಡ್ ಸ್ಟ್ರೀಟಿನಲ್ಲಿ, 17ನೇ ಹೋಲ್‌ಗೆ ಎದುರಾಗಿ ಒಂದು ಸಾಧಾರಣ ಮನೆ. ಫ್ರಾನ್ಸಿಸ್ ವಿಮೆಟ್ ಬೆಳೆದದ್ದು ಆ ಮನೆಯಲ್ಲಿ.

ವಿಮೆಟ್ ಹುಟ್ಟಿದ್ದು 1893ರ ಮೇ 8ರಂದು, ಕ್ಲಬ್ಬಿಗೆ ಗಾಲ್ಫ್ ಬಂದ ವರ್ಷದಲ್ಲೇ. ತಂದೆ ಫ್ರೆಂಚ್ ಮಾತಾಡುವ ಕೆನಡಾದಿಂದ ವಲಸೆ ಬಂದು ತೋಟದ ಕೆಲಸ ಮಾಡುತ್ತಿದ್ದವರು. ತಾಯಿ ಐರಿಷ್ ಮೂಲದವರು. ಹುಡುಗ ಶಾಲೆಗೆ ಹೋಗುವಾಗ ಮೈದಾನ ಹಾಯ್ದು ಹೋಗುತ್ತಿದ್ದ, ಹುಲ್ಲಿನಲ್ಲಿ ಕಳೆದುಹೋದ ಚೆಂಡುಗಳನ್ನು ಆಯ್ದು ತರುತ್ತಿದ್ದ. ಅಣ್ಣ ವಿಲ್‌ಫ್ರೆಡ್ ಜತೆ ಸೇರಿ ಮನೆಯ ಹಿಂದಿನ ದನ ಮೇಯುವ ಬಯಲಲ್ಲಿ ಮೂರು ಕುಳಿ ತೋಡಿಕೊಂಡು ಆಡಿದ. ಹನ್ನೊಂದರ ವಯಸ್ಸಿಗೆ ಅದೇ ಕ್ಲಬ್ಬಿನಲ್ಲಿ ಕ್ಯಾಡಿಯಾಗಿ ಸದಸ್ಯರ ಚೀಲ ಹೊರುತ್ತಿದ್ದ. 1913ರ ಹೊತ್ತಿಗೆ ಬಾಸ್ಟನ್ನಿನ ರೈಟ್ ಅಂಡ್ ಡಿಟ್ಸನ್ ಎಂಬ ಆಟದ ಸಾಮಾನಿನ ಅಂಗಡಿಯಲ್ಲಿ ನೌಕರ. ಆ ವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಹವ್ಯಾಸಿ ಚಾಂಪಿಯನ್ ಆಗಿದ್ದರೂ ರಾಷ್ಟ್ರಮಟ್ಟದಲ್ಲಿ ಅವನ ಹೆಸರು ಕೇಳಿದವರು ವಿರಳ. ರಾಷ್ಟ್ರೀಯ ಹವ್ಯಾಸಿ ಟೂರ್ನಿಗೆಂದು ಆಗಲೇ ರಜೆ ಹಾಕಿದ್ದವನು ಓಪನ್‌ಗೆ ಇನ್ನೊಮ್ಮೆ ಕೇಳಲು ಹಿಂಜರಿದ. ಯು.ಎಸ್.ಜಿ.ಎ. ಅಧ್ಯಕ್ಷರೇ ಒತ್ತಾಯಿಸಿ ಹೆಸರು ಸೇರಿಸಿದರು.

ಅವನಿಗೆ ಎದುರಾಗಿ ಬಂದವರು ಬ್ರಿಟನ್ನಿನ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ. ಇಬ್ಬರೂ ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದವರು, ಇಬ್ಬರೂ ಬಡತನದಿಂದ ಮೇಲೆ ಬಂದ ವೃತ್ತಿಪರರು. ವಾರ್ಡನ್ ಆಗ ಬ್ರಿಟಿಷ್ ಓಪನ್ ಐದು ಸಲ, ಯು.ಎಸ್. ಓಪನ್ 1900ರಲ್ಲಿ ಒಂದು ಸಲ ಗೆದ್ದಿದ್ದರು. ಕ್ಲಬ್ ಹಿಡಿಯುವಾಗ ಬೆರಳಿನ ಮೇಲೆ ಬೆರಳು ಇರಿಸುವ ಕ್ರಮಕ್ಕೆ ಇಂದಿಗೂ ಅವರದೇ ಹೆಸರು. ರೇ 1912ರ ಬ್ರಿಟಿಷ್ ಓಪನ್ ವಿಜೇತ. ಬಾಯಲ್ಲಿ ಪೈಪ್ ಕಚ್ಚಿಕೊಂಡೇ ಚೆಂಡನ್ನು ಬಲು ದೂರ ಅಟ್ಟುವ ಭಾರಿ ಆಳು. ಪತ್ರಿಕೋದ್ಯಮಿ ಲಾರ್ಡ್ ನಾರ್ತ್‌ಕ್ಲಿಫ್ ಈ ಇಬ್ಬರ ಪ್ರವಾಸದ ಖರ್ಚು ಹೊತ್ತಿದ್ದರು. ಇವರಿಗೆ ಅನುಕೂಲವಾಗಲೆಂದು ಜೂನ್‌ನಲ್ಲಿ ನಡೆಯಬೇಕಿದ್ದ ಟೂರ್ನಿಯನ್ನೇ ಸೆಪ್ಟೆಂಬರ್‌ಗೆ ಮುಂದೂಡಿದರು ಎಂದರೆ ಅವರಿಗಿದ್ದ ತೂಕ ಗೊತ್ತಾಗುತ್ತದೆ.

ಆಗಿನ ಪದ್ಧತಿಯಂತೆ ದಿನಕ್ಕೆರಡು ಸುತ್ತು. ಸೆಪ್ಟೆಂಬರ್ 18 ಮತ್ತು 19ರಂದು ಆಟ. ಮೂರು ಸುತ್ತು ಮುಗಿದಾಗ ವಾರ್ಡನ್, ರೇ, ವಿಮೆಟ್ ಮೂವರದೂ 225 ಹೊಡೆತ. 19ರ ಮಧ್ಯಾಹ್ನ ಮಳೆಯಲ್ಲಿ ನೆನೆದ ಮೈದಾನದಲ್ಲಿ ರೇ, ವಾರ್ಡನ್ ತಲಾ 79ರಲ್ಲಿ ಸುತ್ತು ಮುಗಿಸಿ 304ಕ್ಕೆ ನಿಂತರು. ಹಿಂದೆ ಬರುತ್ತಿದ್ದ ವಿಮೆಟ್ ಮೊದಲ ಒಂಬತ್ತು ಹೋಲ್‌ಗೆ 43 ತೆಗೆದುಕೊಂಡಿದ್ದ. ಅವರನ್ನು ಸರಿಗಟ್ಟಬೇಕಾದರೆ ಕೊನೆಯ ಆರು ಹೋಲ್‌ಗಳನ್ನು 22 ಹೊಡೆತದಲ್ಲಿ ಮುಗಿಸಬೇಕಿತ್ತು. 13ರಲ್ಲಿ ಗ್ರೀನ್‌ನ (ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ) ಹೊರಗಿನಿಂದ ಮೆಲ್ಲಗೆ ಎತ್ತಿದ ಚೆಂಡು ನೇರ ಕುಳಿಗೆ ಬಿತ್ತು. ತನ್ನ ಮನೆಯೆದುರಿನ 17ರಲ್ಲಿ ಉದ್ದದ ಪಟ್ (ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತ) ಒಂದನ್ನು ಇಳಿಸಿ 3 ಪಡೆದ. 18ರಲ್ಲಿ 4. ಅವನದೂ 79, ಒಟ್ಟು 304. ಅದೇ ಟೂರ್ನಿಯಲ್ಲಿ ಮೂರು ಹೊಡೆತ ಹಿಂದುಳಿದವರಲ್ಲಿ ಮುಂದೆ ಮಹಾ ಆಟಗಾರನಾದ ವಾಲ್ಟರ್ ಹೇಗನ್ ಇದ್ದ.

ವಿಮೆಟ್‌ನ ಚೀಲ ಹೊತ್ತವನು ಎಡ್ಡಿ ಲೋವರಿ ಎಂಬ ಹತ್ತು ವರ್ಷದ ಹುಡುಗ. ಕ್ಯಾಡಿಯಾಗಬೇಕಿದ್ದವನು ಅವನ ಅಣ್ಣ. ಶಾಲೆ ತಪ್ಪಿಸುವವರನ್ನು ಹಿಡಿಯುವ ಅಧಿಕಾರಿಯ ಕೈಗೆ ಅಣ್ಣ ಸಿಕ್ಕಿಬಿದ್ದದ್ದರಿಂದ ತಮ್ಮ ಓಡಿ ಬಂದ. ಪ್ಲೇಆಫ್ ದಿನ ಅನುಭವಸ್ಥರೊಬ್ಬರು ಎಡ್ಡಿಯ ಬದಲು ತಾವು ಚೀಲ ಹೊರುವುದಾಗಿ ಮುಂದೆ ಬಂದರು. ಹುಡುಗನ ಕಣ್ಣಲ್ಲಿ ನೀರು. ವಿಮೆಟ್ ಅವನನ್ನೇ ಉಳಿಸಿಕೊಂಡ. ಎತ್ತರದ ಯುವಕನ ಪಕ್ಕದಲ್ಲಿ ಚೀಲದಷ್ಟೇ ಎತ್ತರದ ಕ್ಯಾಡಿ ನಡೆದುಹೋಗುವ ಫೋಟೊ ಗಾಲ್ಫ್ ಲೋಕದ ಅತಿ ಪರಿಚಿತ ಚಿತ್ರಗಳಲ್ಲೊಂದು.

20ರ ಶನಿವಾರವೂ ಮಳೆ, ಕೆಸರು. ಆದರೂ ಸಾವಿರಾರು ಜನ ಸೇರಿದರು. ವಿಮೆಟ್‌ನ ಲೆಕ್ಕ ಬರೆದುಕೊಂಡವರು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಗಾಲ್ಫ್ ಬರಹಗಾರ ಬರ್ನಾರ್ಡ್ ಡಾರ್ವಿನ್, ವಿಕಾಸವಾದದ ಚಾರ್ಲ್ಸ್ ಡಾರ್ವಿನ್‌ನ ಮೊಮ್ಮಗ. ಒಂಬತ್ತು ಹೋಲ್ ಆದಾಗಲೂ ಮೂವರದೂ 38. ಹತ್ತನೆಯದರಲ್ಲಿ ವಿಮೆಟ್ 3ಕ್ಕೆ ಮುಗಿಸಿದ, ಉಳಿದಿಬ್ಬರು ಮೂರು ಪಟ್ ತೆಗೆದುಕೊಂಡು 4 ಮಾಡಿದರು. ಮೊದಲ ಸಲ ಅವನೊಬ್ಬನೇ ಮುಂದೆ. 12ರಲ್ಲಿ ಅಂತರ ಎರಡಾಯಿತು, 13ರಲ್ಲಿ ವಾರ್ಡನ್ ಒಂದನ್ನು ಹಿಂದಕ್ಕೆ ಪಡೆದರು. 15ರಲ್ಲಿ ರೇ 6 ಮಾಡಿ ಪೈಪೋಟಿಯಿಂದ ಹೊರಬಿದ್ದರು.

17ರಲ್ಲಿ ಹಾದಿ ಎಡಕ್ಕೆ ತಿರುಗುತ್ತದೆ. ಒಂದು ಹೊಡೆತ ಹಿಂದಿದ್ದ ವಾರ್ಡನ್ ಆ ತಿರುವಿನ ಒಳಮೂಲೆಯನ್ನು ಸವರಿಕೊಂಡು ಹೋಗುವ ಸಾಹಸಕ್ಕಿಳಿದರು. ಚೆಂಡು ಮೂಲೆಯ ಬಂಕರ್‌ನ ಮರಳಿಗೆ ಬಿತ್ತು. ಆ ಬಂಕರ್‌ಗೆ ಈಗ ವಾರ್ಡನ್ ಹೆಸರೇ ನಿಂತಿದೆ. ಅವರು 5 ಮಾಡಿದರು, ವಿಮೆಟ್ ಹಿಂದಿನ ಸಂಜೆಯಂತೆಯೇ 3. ಕೊನೆಯ ಹೋಲ್‌ನಲ್ಲಿ ಸೋಲು ಖಚಿತವಾದ ವಾರ್ಡನ್ 6ಕ್ಕೆ ಜಾರಿದರು. ಅಂತಿಮ ಲೆಕ್ಕ: ವಿಮೆಟ್ 72, ವಾರ್ಡನ್ 77, ರೇ 78. ಇಪ್ಪತ್ತು ವರ್ಷದ ಅಂಗಡಿ ನೌಕರ ಯು.ಎಸ್. ಓಪನ್ ಗೆದ್ದ ಮೊದಲ ಹವ್ಯಾಸಿಯಾದ. ಹವ್ಯಾಸಿಗೆ ಹಣದ ಬಹುಮಾನ ಇಲ್ಲ. ನೆರೆದವರು ಟೋಪಿ ಹಿಡಿದು ಹಣ ಕೂಡಿಸಿದ್ದು ಎಡ್ಡಿಗಾಗಿ.

ವಿಮೆಟ್‌ಗೆ ಆಮೇಲೆ ಬಂದದ್ದೆಲ್ಲ ಹೂವೇ ಅಲ್ಲ. 1914ರಲ್ಲಿ ರಾಷ್ಟ್ರೀಯ ಹವ್ಯಾಸಿ ಪಟ್ಟ ಗೆದ್ದ. 1916ರಲ್ಲಿ ಆಟದ ಸಾಮಾನಿನ ವ್ಯಾಪಾರ ಮಾಡುತ್ತಾನೆಂದು ಯು.ಎಸ್.ಜಿ.ಎ. ಅವನ ಹವ್ಯಾಸಿ ಮಾನ್ಯತೆಯನ್ನೇ ಕಿತ್ತುಕೊಂಡಿತು. ಯಾರ ಗೆಲುವಿನಿಂದ ಆಟಕ್ಕೆ ಹೆಸರು ಬಂದಿತ್ತೋ ಅವನಿಗೇ ಈ ಶಿಕ್ಷೆ. ಅವನು ಸೇನೆ ಸೇರಿದ ಮೇಲೆ ಮಾನ್ಯತೆ ಮರಳಿತು. 1931ರಲ್ಲಿ ಹವ್ಯಾಸಿ ಪಟ್ಟವನ್ನು ಮತ್ತೆ ಗೆದ್ದ. 1951ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿಗೆ ಬ್ರಿಟಿಷನಲ್ಲದ ಮೊದಲ ಕ್ಯಾಪ್ಟನ್ ಆದ. ಕ್ಯಾಡಿಗಳ ಓದಿಗೆ ನೆರವಾಗಲು 1949ರಲ್ಲಿ ಅವನ ಹೆಸರಲ್ಲಿ ಆರಂಭವಾದ ವಿದ್ಯಾರ್ಥಿವೇತನ ನಿಧಿ ಇಂದಿಗೂ ನಡೆಯುತ್ತಿದೆ. ಎಡ್ಡಿ ಕ್ಯಾಲಿಫೋರ್ನಿಯಾದಲ್ಲಿ ಕಾರು ಮಾರಿ ಶ್ರೀಮಂತನಾದ.

ಐವತ್ತನೇ ವರ್ಷದ ನೆನಪಿಗೆಂದು 1963ರಲ್ಲಿ ಟೂರ್ನಿ ಬ್ರೂಕ್‌ಲೈನ್‌ಗೆ ಮರಳಿದಾಗಲೂ 17 ತನ್ನ ಬುದ್ಧಿ ಬಿಡಲಿಲ್ಲ. ಎರಡು ಹೊಡೆತ ಮುಂದಿದ್ದ ಜಾಕಿ ಕ್ಯುಪಿಟ್ ಆ ಎರಡನ್ನೂ ಅಲ್ಲೇ ಕಳೆದುಕೊಂಡ. ಮರುದಿನದ ಪ್ಲೇಆಫ್‌ನಲ್ಲಿ ಜೂಲಿಯಸ್ ಬೊರೊಸ್ 70 ಆಡಿ ಕ್ಯುಪಿಟ್‌ನನ್ನೂ ಆರ್ನಾಲ್ಡ್ ಪಾಮರ್‌ನನ್ನೂ ಹಿಂದಿಕ್ಕಿದ. 1988ರಲ್ಲಿ ಕರ್ಟಿಸ್ ಸ್ಟ್ರೇಂಜ್ 17ರಲ್ಲೇ ಮೂರು ಪಟ್ ತೆಗೆದುಕೊಂಡು ಮುನ್ನಡೆ ಕಳೆದುಕೊಂಡರೂ, 18ರ ಬಂಕರ್‌ನಿಂದ ಚೆಂಡು ಎತ್ತಿ ಸಮಬಲ ಉಳಿಸಿಕೊಂಡ. ಮರುದಿನ ನಿಕ್ ಫಾಲ್ಡೊ ವಿರುದ್ಧ 71ಕ್ಕೆ 75ರಿಂದ ಗೆದ್ದ.

ಇಡೀ ದಿನದ ಪ್ಲೇಆಫ್ ಕ್ರಮೇಣ ಎಲ್ಲೆಡೆ ಮರೆಯಾಯಿತು. ಟೆಲಿವಿಷನ್‌ಗೆ ಭಾನುವಾರ ಸಂಜೆಯೇ ವಿಜೇತ ಬೇಕು, ಪ್ರೇಕ್ಷಕರಿಗೂ ಸೋಮವಾರ ಕೆಲಸ. ಪಿ.ಜಿ.ಎ. ಚಾಂಪಿಯನ್‌ಷಿಪ್ 1977ರಲ್ಲಿ, ಮಾಸ್ಟರ್ಸ್ 1979ರಲ್ಲಿ ‘ಸಡನ್ ಡೆತ್’ನಿಂದ ಇತ್ಯರ್ಥವಾದವು: ಯಾರು ಮೊದಲು ಒಂದು ಹೋಲ್ ಗೆಲ್ಲುತ್ತಾರೋ ಅವರದೇ ಪಟ್ಟ. ಬ್ರಿಟಿಷ್ ಓಪನ್ ನಾಲ್ಕು ಹೋಲ್‌ಗಳ ಒಟ್ಟು ಲೆಕ್ಕದ ಕ್ರಮವನ್ನು 1989ರಲ್ಲಿ ಮೊದಲು ಬಳಸಿತು. 18 ಹೋಲ್‌ಗಳ ಹಳೇ ಕ್ರಮಕ್ಕೆ ಕೊನೆತನಕ ಅಂಟಿಕೊಂಡದ್ದು ಯು.ಎಸ್. ಓಪನ್ ಮಾತ್ರ. 2008ರಲ್ಲಿ ಟೋರಿ ಪೈನ್ಸ್‌ನಲ್ಲಿ ಟೈಗರ್ ವುಡ್ಸ್, ರಾಕೊ ಮೀಡಿಯೇಟ್ 18 ಆಡಿದರೂ ಸಮವಾಗಿಯೇ ಉಳಿದು, 19ನೆಯದರಲ್ಲಿ ವುಡ್ಸ್ ಗೆದ್ದರು. ಆ ಬಗೆಯ ಪ್ಲೇಆಫ್ ಅದೇ ಕಡೆಯದು. 2018ರಿಂದ ಎರಡು ಹೋಲ್‌ಗಳ ಒಟ್ಟು ಲೆಕ್ಕ, ಅದರಲ್ಲೂ ಸಮವಾದರೆ ಸಡನ್ ಡೆತ್ ಎಂದು ನಿಯಮ ಬದಲಾಯಿತು. 1913ರ ಮಟ್ಟಿಗಾದರೆ ಒಂಬತ್ತು ಹೋಲ್ ಆಡಿಸಿದ್ದರೂ ಸಾಲುತ್ತಿರಲಿಲ್ಲ. ವಿಮೆಟ್‌ನ ಐದು ಹೊಡೆತದ ಅಂತರ ಮೂಡಿದ್ದೆಲ್ಲ ಕೊನೆಯ ಒಂಬತ್ತರಲ್ಲಿ.

ಹೊಸ ನಿಯಮಕ್ಕೆ ಮೊದಲ ಅವಕಾಶ ಬ್ರೂಕ್‌ಲೈನ್‌ನಲ್ಲೇ ಸಿಗುವಂತಿತ್ತು. 2022ರಲ್ಲಿ ಒಂದು ಹೊಡೆತ ಮುಂದಿದ್ದ ಮ್ಯಾಥ್ಯೂ ಫಿಟ್ಜ್‌ಪ್ಯಾಟ್ರಿಕ್ 18ರ ಹಾದಿಯ ಬಂಕರ್‌ಗೆ ಬಿದ್ದು, ಅಲ್ಲಿಂದ ಚೆಂಡನ್ನು ಗ್ರೀನ್ ಮೇಲೆ ಇಳಿಸಿ 4ಕ್ಕೆ ಮುಗಿಸಿದ. ಸಮ ಮಾಡಲು ವಿಲ್ ಜಲಟೋರಿಸ್‌ಗೆ ಉಳಿದದ್ದು ಒಂದೇ ಪಟ್. ಚೆಂಡು ಕುಳಿಯ ಅಂಚನ್ನು ಹಾಯ್ದು ಮುಂದೆ ಹೋಯಿತು.