ವಿದ್ಯುನ್ಮಾನ ವಾದ್ಯಗಳ ಶ್ರುತಿ

ವಿದ್ಯುನ್ಮಾನ ವಾದ್ಯಗಳ ಶ್ರುತಿ: ಕೀಬೋರ್ಡು, ಸಿಂಥಸೈಜರ್, ಶ್ರುತಿಪೆಟ್ಟಿಗೆ ಮುಂತಾದ ವಾದ್ಯಗಳಲ್ಲಿ ಸ್ವರಗಳ ಕಂಪನಸಂಖ್ಯೆಯನ್ನು ಗೊತ್ತುಪಡಿಸುವ ಕ್ರಮ. ಇದರಲ್ಲಿ ಎರಡು ಅಂಶಗಳುಂಟು: ಆಧಾರಸ್ವರ ಎಲ್ಲಿ ನಿಲ್ಲಬೇಕು ಎಂಬುದು ಒಂದು, ಸ್ಥಾಯಿಯನ್ನು ಸ್ವರಗಳಿಗೆ ಹೇಗೆ ಹಂಚಬೇಕು ಎಂಬುದು ಇನ್ನೊಂದು.

ಪ್ರಮಾಣ ಶ್ರುತಿ: ಯುರೋಪಿನಲ್ಲಿ ಹಿಂದೆ ಊರಿಗೊಂದು ಶ್ರುತಿಯಿತ್ತು. 1859ರಲ್ಲಿ ಫ್ರಾನ್ಸ್ 'ಎ' ಸ್ವರಕ್ಕೆ 435 ಹರ್ಟ್ಸ್ ನಿಗದಿ ಮಾಡಿತು. 1939ರ ಲಂಡನ್ ಸಮ್ಮೇಳನ 440 ಹರ್ಟ್ಸ್ ಅನ್ನು ಒಪ್ಪಿತು. 1975ರಲ್ಲಿ ಅದು ಐಎಸ್ಒ 16 ಎಂಬ ಮಾನಕವಾಯಿತು. 1935ರ ಹ್ಯಾಮಂಡ್ ಆರ್ಗನ್ನಿನ ಶ್ರುತಿ ಮಾತ್ರ ವಿದ್ಯುತ್ ಪೂರೈಕೆಗೆ ಕಟ್ಟುಬಿದ್ದಿತ್ತು. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿಗೆಂದು ಮಾಡಿದ ಆರ್ಗನ್ನನ್ನು 50 ಹರ್ಟ್ಸ್‌ನಲ್ಲಿ ಓಡಿಸಿದರೆ ಮೋಟಾರು ನಿಧಾನವಾಗಿ, ಎಲ್ಲ ಸ್ವರಗಳೂ ಮೂರು ಅರ್ಧಸ್ವರಗಳಿಗಿಂತ ತುಸು ಹೆಚ್ಚೇ ಕೆಳಗಿಳಿಯುತ್ತವೆ. ಮುಂದೆ ಬಂದ ಅನಲಾಗ್ ಸಿಂಥಸೈಜರುಗಳಲ್ಲಿ ಸ್ಥಾಯಿಗೆ ಒಂದು ವೋಲ್ಟ್ ಎಂಬ ಲೆಕ್ಕ ರೂಢಿಗೆ ಬಂತು. ಆದರೆ ಯಂತ್ರ ಬಿಸಿಯಾದಂತೆ ಶ್ರುತಿ ಜಾರುತ್ತಿತ್ತು. ಡಿಜಿಟಲ್ ವಾದ್ಯಗಳಲ್ಲಿ ಸ್ಫಟಿಕದ ಕಂಪನವೇ ಕಾಲಮಾನವಾದ್ದರಿಂದ ಈ ತೊಡಕಿಲ್ಲ.

ಹಂಚಿಕೆ: 1983ರಲ್ಲಿ ಬಂದ ಮಿಡಿ ಮಾನಕದಲ್ಲಿ ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳಿವೆ. 69ನೆಯದು 440 ಹರ್ಟ್ಸ್‌ನ 'ಎ'. ರೂಢಿಯ ಸಮವಿಭಾಗ ಪದ್ಧತಿಯಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಸಮಾನ ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ಕಂಪನಸಂಖ್ಯೆ ಸುಮಾರು 1.0595 ಪಟ್ಟು ಏರುತ್ತದೆ. ಮೆಟ್ಟಿಲೊಂದನ್ನು 100 ಸೆಂಟ್ ಎಂದು ಎಣಿಸುತ್ತಾರೆ. ಬೇರೆ ಹಂಚಿಕೆ ಬೇಕಾದವರಿಗಾಗಿ 1992ರಲ್ಲಿ ಮಿಡಿ ಟ್ಯೂನಿಂಗ್ ಮಾನಕ ಸೇರಿತು.

ಭಾರತೀಯ ಬಳಕೆ: ನಮ್ಮಲ್ಲಿ ಷಡ್ಜ ಹಾಡುವವರ ಕಂಠಕ್ಕೆ ತಕ್ಕಂತೆ ಸರಿಯುತ್ತದೆ. ಒಂದು ಮನೆ ಎಂದರೆ 'ಸಿ', ಐದೂವರೆ ಮನೆ ಎಂದರೆ 'ಜಿ ಶಾರ್ಪ್'. ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳಲ್ಲಿ ಮನೆ ಆರಿಸಿಕೊಂಡು, ಪಕ್ಕವಾದ್ಯಕ್ಕೆ ಹೊಂದುವಂತೆ ಕೂದಲೆಳೆಯಷ್ಟು ಏರಿಸಿ ಇಳಿಸುವ ಸೌಲಭ್ಯವೂ ಇರುತ್ತದೆ. ಇಂಥ ವಾದ್ಯಗಳ ತಯಾರಿಕೆಗೆ ಜಿ. ರಾಜ್‌ನಾರಾಯಣ್ ಸ್ಥಾಪಿಸಿದ ಬೆಂಗಳೂರಿನ ರಾಡೆಲ್ ಸಂಸ್ಥೆ ಹೆಸರಾಗಿದೆ.

ಹಂಚಿಕೆಯ ವ್ಯತ್ಯಾಸ ಕಿವಿಗೆ ಬೀಳುವುದು ಗಾಂಧಾರದಲ್ಲಿ. ಒಂದು ಮನೆಗೆ ಕೂಡಿಸಿದ ತಂಬೂರಿಯ ಮಂದ್ರ ತಂತಿಯಿಂದ (ಸುಮಾರು 130.8 ಹರ್ಟ್ಸ್) ತಾನಾಗಿ ಹೊಮ್ಮುವ ಅಂತರ ಗಾಂಧಾರ 654 ಹರ್ಟ್ಸ್‌ನಷ್ಟು, ಕೀಬೋರ್ಡಿನ ಅದೇ ಗಾಂಧಾರ 659. ಇದು 14 ಸೆಂಟ್‌ಗಳ ಅಂತರ. ಎರಡನ್ನೂ ಒಟ್ಟಿಗೆ ನುಡಿಸಿದರೆ ನಾದ ಸೆಕೆಂಡಿಗೆ ಐದು ಬಾರಿ ಅಲುಗುತ್ತದೆ. ಷಡ್ಜ ಕೂಡಿದ ಮಾತ್ರಕ್ಕೆ ಕೀಬೋರ್ಡು ತಂಬೂರಿಯೊಂದಿಗೆ ಪೂರ್ತಿ ಕೂಡುವುದಿಲ್ಲ.