ರೆಡ್ ಕ್ರಾಸ್ ಕೀಲಿಕೈ ಯಾರ ಕೈಯಾಗ?

2019ರ ಮಹಾಪೂರದಾಗ ಪಂಚಗಂಗಾ ನದಿ ದಂಡಿ ದಾಟಿತು. ಕೊಲ್ಲಾಪುರ, ಇಚಲಕರಂಜಿ ಕಡೆ ಎಷ್ಟೋ ಮಂದಿ ಮನಿ ಬಿಟ್ಟು ಸಾಲಿಗಳಾಗ ಇರಬೇಕಾತು. ಇಂಥ ಹೊತ್ತಿಗೆ ಆಗಬೇಕಂತ ದೇಶಕ್ಕೊಂದು ಸಂಸ್ಥೆ ಅದ, ಭಾರತೀಯ ರೆಡ್ ಕ್ರಾಸ್.

ಅದು ಹುಟ್ಟಿದ್ದು ಮೊದಲನೇ ಮಹಾಯುದ್ಧದ ಬೆನ್ನಿಗೆ. 1920ರ ಮಾರ್ಚ್ 3ಕ್ಕೆ ಸರ್ ಕ್ಲಾಡ್ ಹಿಲ್ ಎಂಬ ಇಂಗ್ರಜಿ ಅಧಿಕಾರಿ ಮಸೂದೆ ಮಂಡಿಸಿದ, 20ಕ್ಕೆ ಕಾಯದೆ ಆತು. ಹದಿನೇಳೇ ದಿವಸ! ನಮ್ಮ ಹೊಲದ ದಾರಿ ತಂಟೆ ಇಷ್ಟು ಬೇಗ ಮುಗಿಯಂಗಿಲ್ಲ. ಜೂನ್ 7ಕ್ಕೆ 50 ಸದಸ್ಯರನ್ನು ನೇಮಿಸಿದರು. ಆ ಐವತ್ತರೊಳಗಿಂದನ ಆಡಳಿತ ಮಂಡಳಿ ಆರಿಸಿದರು. ಊರ ಮಂದಿಗೆ ಅಲ್ಲಿ ಮಾತೇ ಇರಲಿಲ್ಲ.

ಸ್ವಾತಂತ್ರ್ಯ ಬಂದು ಎಷ್ಟೋ ವರ್ಷ ಆದಮ್ಯಾಲೆ, 1992ರಾಗ ಕಾಯದೆ ತಿದ್ದಿದರು, 1994ರಾಗ ನಿಯಮ ಬಂದವು. ಈಗ ಮಂಡಳಿ 19 ಮಂದಿದು. ಚೇರಮನ್ ಮತ್ತು 6 ಮಂದಿಯನ್ನು ರಾಷ್ಟ್ರಪತಿಗಳು ನೇಮಿಸತಾರ. ಉಳಿದ 12 ಮಂದಿಯನ್ನು ರಾಜ್ಯ ಶಾಖೆಗಳು ಆರಿಸತಾವ. ಸುಧಾರಣೆ ಖರೆ, ಆದರ ಮ್ಯಾಲಿನ ಮಟ್ಟಕ್ಕ. ರಾಜ್ಯ ಶಾಖೆಗೆ ರಾಜ್ಯಪಾಲರು, ಜಿಲ್ಲಾ ಶಾಖೆಗೆ ಬಹಳ ಕಡೆ ಕಲೆಕ್ಟರರೇ ಅಧ್ಯಕ್ಷರು. ಅವರಿಗೆ ಮೊದಲೇ ನೂರೆಂಟು ಕೆಲಸ, ಮ್ಯಾಲೆ ಬದಲಿ.

ನಮ್ಮ ಭಜನಿ ಮೇಳದಾಗ ತಾಳ ತಂದ ಖರ್ಚೂ ಗುಡಿಕಟ್ಟಿ ಮ್ಯಾಲೆ ಓದಿ ಹೇಳತಾರ, ಯಾಕಂದರ ವರ್ಗಣಿ ಕೊಟ್ಟವರು ಎದುರಿಗೆ ಕುಂತಿರತಾರ. ರೆಡ್ ಕ್ರಾಸಿಗೂ ವರ್ಗಣಿ ಕೊಟ್ಟು ಸಾಮಾನ್ಯರು ಸದಸ್ಯರಾಗಬಹುದು. ನಮ್ಮ ಕಡೆ ಇದು ಗೊತ್ತಿದ್ದವರು ಕಡಿಮಿ. ಮಾಸ್ತರರು ಮೊದಲು ಹೆಸರು ಹಚ್ಚಲಿ. ಜಿಲ್ಲಾ ಶಾಖೆಯ ಸಭೆ ಯಾವಾಗ, ಲೆಕ್ಕ ಯಾರು ಓದತಾರ ಅಂತ ಮಳಿಗಾಲಕ್ಕಿಂತ ಮೊದಲ ಕೇಳಿಕೊಂಡು ಬರಲಿ.