ಎಂಜಿನಿನ ಮೂಗುದಾರ

ಓಡುವ ಯಂತ್ರವನ್ನು ಕಟ್ಟಿದವರು ಅದನ್ನು ಅಂಕೆಯಲ್ಲಿಡುವ ಉಪಾಯವನ್ನೂ ಹುಡುಕಬೇಕಾಯಿತು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಎರಡು ಗುಂಡುಗಳ ನಿಯಂತ್ರಕವೊಂದನ್ನು ಅಳವಡಿಸಿದನು. ಯಂತ್ರ ಬಿರುಸಾದಂತೆಲ್ಲ ತಿರುಗುವ ಗುಂಡುಗಳು ಹೊರಕ್ಕೆ ಚಾಚುವುವು. ಅವಕ್ಕೆ ತಗುಲಿದ ಸನ್ನೆ ಉಗಿಯ ದಾರಿಯನ್ನು ಕಿರಿದುಮಾಡುವುದು. ಉಪಾಯವೇನೋ ವಾಟನ ಸ್ವಂತದ್ದಲ್ಲ. ಗಾಳಿಗಿರಣಿಯವರು ಬೀಸುಕಲ್ಲುಗಳ ನಡುವಣ ಅಂತರವನ್ನು ಮೊದಲೇ ಹೀಗೆ ಕಾಯ್ದುಕೊಳ್ಳುತ್ತಿದ್ದರು.

ಅದೇ ತತ್ತ್ವವು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾಗಿ ಇಂಗ್ಲೆಂಡಿನ ಲೋಟಸ್ ಎಲಾನ್ ಕಾರಿನೊಳಗೆ ಬಂದು ಕುಳಿತಿತು. 1962ರಲ್ಲಿ ಹೊರಬಂದ ಈ ಕಾರು ಹಗುರ, ಚುರುಕು. ಇದರ 1558 ಸಿ.ಸಿ. ಎಂಜಿನಿನ ಕೆಳಭಾಗ ಫೋರ್ಡ್ ಕಂಪನಿಯ ಸಾಮಾನ್ಯ ಎರಕದ ಕಬ್ಬಿಣ. ಅದರ ಮೇಲೆ ಹ್ಯಾರಿ ಮಂಡಿ ರೂಪಿಸಿದ ಅಲ್ಯುಮಿನಿಯಮ್ ತಲೆ. ಕೆಳಗೆ ಸಂಸಾರಿ, ಮೇಲೆ ಪಂದ್ಯಾಳು ಎನ್ನಬಹುದು. ಇಂಥ ಜೋಡಿಗೆ ಎಚ್ಚರಿಕೆ ಬೇಕಾಗಿತ್ತು.

ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ರೋಟರ್ ಎಂಬ ಪುಟ್ಟ ತೋಳು ಗಿರಗಿರನೆ ತಿರುಗುತ್ತಿರುತ್ತದೆ. ಎಲಾನಿನ ತೋಳಿನೊಳಗೆ ಸ್ಪ್ರಿಂಗಿನಿಂದ ಹಿಡಿದಿಟ್ಟ ಸಣ್ಣ ತೂಕವೊಂದಿತ್ತು. ಎಂಜಿನು ನಿಮಿಷಕ್ಕೆ ಸುಮಾರು 6500 ಸುತ್ತು ಮುಟ್ಟಿದೊಡನೆ ಅದು ಸ್ಪ್ರಿಂಗನ್ನು ಸೋಲಿಸಿ ಹೊರಕ್ಕೆ ಸರಿದು ವಿದ್ಯುತ್ತಿನ ದಾರಿಯನ್ನೇ ತಪ್ಪಿಸುತ್ತಿತ್ತು. ಪ್ಲಗ್ಗುಗಳಿಗೆ ಕಿಡಿಯಿಲ್ಲ, ಎಂಜಿನು ಮುಗ್ಗರಿಸಿ ಹಿಂಜರಿಯುವುದು. ವೇಗ ಇಳಿದರೆ ಮತ್ತೆ ಕಿಡಿ.

ಉತ್ಸಾಹಿ ಒಡೆಯರಿಗೆ ಇದು ಹಿಡಿಸಲಿಲ್ಲ. ಮುಚ್ಚಳ ತೆಗೆದು, ಆ ತೋಳನ್ನು ಕಿತ್ತು, ಸಾಧಾರಣ ತೋಳನ್ನು ಒತ್ತಿದರೆ ಮೂಗುದಾರ ಕಳಚಿದಂತೆಯೇ. ಕೆಲವೇ ನಿಮಿಷಗಳ ಕೆಲಸ. ಆದರೆ ದೊರೆತದ್ದೇನು? ಮೊದಲ ಎಲಾನುಗಳ 105 ಅಶ್ವಶಕ್ತಿ 5500 ಸುತ್ತಿನಲ್ಲಿಯೇ ತುದಿ ಮುಟ್ಟಿ, ಅಲ್ಲಿಂದ ಮುಂದೆ ಇಳಿಮುಖವಾಗುತ್ತಿತ್ತು. ಗೇರು ಬದಲಾಯಿಸುವುದನ್ನು ಒಂದು ಕ್ಷಣ ಮುಂದೂಡಬಹುದು, ಸದ್ದನ್ನು ಸವಿಯಬಹುದು, ಅಷ್ಟೇ.

ತೆತ್ತ ಬೆಲೆ ಮಾತ್ರ ಅಷ್ಟು ಅಲ್ಪವಲ್ಲ. 6500 ಸುತ್ತಿನಲ್ಲಿ ಪಿಸ್ಟನ್ನು ನಿಮಿಷಕ್ಕೆ 13,000 ಸಲ ನಿಂತು ದಿಕ್ಕು ಬದಲಿಸುತ್ತದೆ. ಮೇಲ್ತುದಿಯಲ್ಲಿ ಪ್ರತಿಸಲವೂ ಅದನ್ನು ಜಗ್ಗಿ ತಿರುಗಿಸಬೇಕಾದದ್ದು ಕನೆಕ್ಟಿಂಗ್ ರಾಡು ಮತ್ತು ಅದರ ಎರಡು ಬೋಲ್ಟುಗಳು. ಈ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ 7500ಕ್ಕೆ ಹೋದರೆ ವೇಗ ಶೇಕಡಾ 15ರಷ್ಟು ಹೆಚ್ಚಿದರೂ ಎಳೆತ ಶೇಕಡಾ 33ರಷ್ಟು ಹೆಚ್ಚುತ್ತದೆ. ಬೋಲ್ಟು ಹರಿದರೆ ರಾಡು ಎಂಜಿನಿನ ಪಕ್ಕೆಯನ್ನೇ ಸೀಳಿ ಹೊರಬರುತ್ತದೆ.

ಪಂದ್ಯದವರೂ ಈ ಮಿತಿಯನ್ನು ದಾಟಿದವರೇ. ಇದೇ ವಂಶದ ಎಂಜಿನುಳ್ಳ ಲೋಟಸ್ ಕಾರ್ಟಿನಾದಲ್ಲಿ ಜಿಮ್ ಕ್ಲಾರ್ಕ್ 1964ರ ಬ್ರಿಟಿಷ್ ಸಲೂನ್ ಕಾರು ಚಾಂಪಿಯನ್ ಆದನು. ಆದರೆ ಪಂದ್ಯದ ಎಂಜಿನು ಕಟ್ಟುವವರು ಉಕ್ಕಿನ ಕ್ರ್ಯಾಂಕು, ಬಲವಾದ ರಾಡು, ಬೇರೆ ಕ್ಯಾಮುಗಳನ್ನು ಹಾಕಿದ ಮೇಲೆ ವೇಗ ಏರಿಸುತ್ತಿದ್ದರು. ಮನೆಯ ಮೆಕ್ಯಾನಿಕ್ಕಿಗೆ ಅದರಲ್ಲಿ ಅಗ್ಗವಾಗಿ ಕಂಡದ್ದು ಆ ತೋಳು ಒಂದೇ!

ಹಾಗೆಂದು ತೋಳು ಇದ್ದವರೆಲ್ಲ ಕ್ಷೇಮವೆಂದೂ ಅಲ್ಲ. ನಾಲ್ಕನೆಯ ಗೇರಿನ ಓಟದಲ್ಲಿ ಕೈತಪ್ಪಿ ಎರಡನೆಯದಕ್ಕೆ ಹಾಕಿದರೆ ಚಕ್ರಗಳೇ ಎಂಜಿನನ್ನು ತಿರುಗಿಸುವುವು. ಆಗ ಕಿಡಿ ನಿಂತರೂ ಸುತ್ತು ನಿಲ್ಲುವುದಿಲ್ಲ.